ಮಾವಿನ ಬಿಯರಿನಲ್ಲಿ ಮಾವೆಲ್ಲಿ?

ಬೆಂಗಳೂರಿನ ಮೈಕ್ರೋಬ್ರೂವರಿಗಳ (ತಾವೇ ಬಿಯರು ಮಾಡಿ ಅಲ್ಲೇ ಬಡಿಸುವ ಪಬ್ಬುಗಳ) ಋತುಮಾನದ ಬಿಯರುಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರಿಸಿದ್ದೇವೆ. 21 ತುಂಬದವರಿಗೆ ಕರ್ನಾಟಕದ ಬಾರುಗಳಲ್ಲಿ ಮದ್ಯ ಕೊಡುವುದಿಲ್ಲ. ಅಂಥವರು ಈ ಪುಟ ದಾಟಿ ಮುಂದಕ್ಕೆ ಹೋಗಬಹುದು.

ಪ್ರ: ಮೇ ತಿಂಗಳಲ್ಲಿ ಒಂದು ಕಡೆ ಮಾವಿನ ಬಿಯರ್ ಕುಡಿದೆವು. ಬಾದಾಮಿ ಮಾವು ಹಾಕಿದ್ದು ಅಂತ ಬೋರ್ಡ್ ಇತ್ತು. ಸಿಹಿ ಇಲ್ಲವೇ ಇಲ್ಲ, ವಾಸನೆಯೂ ಅಷ್ಟಕ್ಕಷ್ಟೆ. ಹಣ್ಣು ಹಾಕದೆಯೇ ಮಾರುತ್ತಾರೆಯೇ? – ಓದುಗರು, ತುಮಕೂರು

ಉ: ಹಣ್ಣು ಹಾಕಿರುತ್ತಾರೆ. ಅದರ ಸಕ್ಕರೆಯನ್ನು ಬಿಯರು ಹುದುಗಿಸುವ ಈಸ್ಟ್ ತಿಂದು ಮುಗಿಸಿರುತ್ತದೆ, ಅಷ್ಟೆ. ಲೀಟರಿಗೆ 150 ಗ್ರಾಂ ತಿರುಳು ಹಾಕಿದರು ಅಂದುಕೊಳ್ಳಿ. ತಿರುಳಿನಲ್ಲಿ ನೂರಕ್ಕೆ 15ರಷ್ಟು ಸಕ್ಕರೆ ಅಂದರೆ ಲೀಟರಿಗೆ 22 ಗ್ರಾಂ ಆಯಿತು. ಮೂರು-ನಾಲ್ಕು ದಿನದಲ್ಲಿ ಅದಷ್ಟೂ ಆಲ್ಕೋಹಾಲ್ ಮತ್ತು ಗ್ಯಾಸ್ ಆಗಿಬಿಡುತ್ತದೆ. ಹಣ್ಣಿನ ನೀರೂ ಸೇರುವುದರಿಂದ ಶೇ 5ರ ಬಿಯರು ಶೇ 5.6ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಸೀಕರಣೆ ನೆನೆದುಕೊಂಡು ಗ್ಲಾಸು ಎತ್ತಿದವರಿಗೆ ನಿರಾಸೆ ಖಂಡಿತ.

ವಾಸನೆ ಕಡಿಮೆಯಾಗಲು ಕಾರಣ ಬೇರೆ. ಹುದುಗುವಾಗ ಏಳುವ ಗ್ಯಾಸು ಪರಿಮಳವನ್ನೂ ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ತಿರುಳನ್ನು ಯಾವಾಗ ಹಾಕಿದರು ಎನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಕುದಿಯುವ ಹಂಡೆಗೆ ಹಾಕಿದರೆ ಜಾಮ್‌ನ ಬೆಂದ ವಾಸನೆ ಬರುತ್ತದೆ, ಹಣ್ಣಿನ ಅಂಟಿನಂಶವಾದ ಪೆಕ್ಟಿನ್‌ನಿಂದ ಬಿಯರು ಮಬ್ಬಾಗುತ್ತದೆ. ಮೊದಲ ಹುದುಗು ಮುಗಿದ ಮೇಲೆ, ಅಂದರೆ ಐದಾರು ದಿನ ಕಳೆದು ಹಾಕಿದರೆ ಪರಿಮಳ ಸಾಕಷ್ಟು ಉಳಿಯುತ್ತದೆ. ಇನ್ನು ಕೆಲವರು ಬಿಯರನ್ನು 1–2 ಡಿಗ್ರಿಗೆ ತಣಿಸಿ, ಈಸ್ಟ್ ಮಲಗಿದ ಮೇಲೆ, ಬಡಿಸುವ ಟ್ಯಾಂಕಿಗೇ ತಿರುಳು ಸೇರಿಸುತ್ತಾರೆ. ಆಗ ಸಿಹಿಯೂ ಉಳಿಯುತ್ತದೆ. ಆದರೆ ಅಂಥ ಬಿಯರು ತಂಪಿನಿಂದ ಹೊರಗೆ ಬಂದರೆ ಮತ್ತೆ ಹುದುಗಲು ಶುರು. ಅದನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿದರೆ ಒಡೆಯುವ ಅಪಾಯವಿದೆ.

ಸಕ್ಕರೆ ಹೋದ ಮೇಲೆ ಮಾವಿನಲ್ಲಿ ಉಳಿಯುವುದು ಸೊನೆಯ ಘಾಟು ಮತ್ತು ಹುಳಿ. ತೊಟ್ಟು ಮುರಿದಾಗ ಮೂಗಿಗೆ ಹೊಡೆಯುತ್ತದಲ್ಲ, ಆ ವಾಸನೆಯನ್ನು ಗ್ಲಾಸಿನಲ್ಲಿ ಹುಡುಕಿ, ಸಿಗುತ್ತದೆ. ಹುಳಿಯನ್ನು ಈಸ್ಟ್ ತಿನ್ನುವುದಿಲ್ಲ. ಆದ್ದರಿಂದಲೇ ಬರೀ ಬಾದಾಮಿಗಿಂತ, ಬಾದಾಮಿಗೆ ತೋತಾಪುರಿ ಬೆರೆಸಿದ ಬಿಯರೇ ಮೇಲು ಎನ್ನುವುದು ನಮ್ಮ ಪಕ್ಷ. ಪರಿಮಳಕ್ಕೆ ಒಂದು, ಹುಳಿಗೆ ಇನ್ನೊಂದು. ಗ್ಲಾಸು ಹತ್ತಿರ ತರುತ್ತಿದ್ದಂತೆ ಪ್ಯಾಕೆಟ್ ಜ್ಯೂಸಿನ ವಾಸನೆ ಗಮ್ಮೆಂದರೆ ಮಾತ್ರ ಅನುಮಾನಪಡಿ. ಅದು ಕೊನೆಯಲ್ಲಿ ಸುರಿದ ಎಸೆನ್ಸ್ ಇದ್ದೀತು.

ಪ್ರ: ಆರು ಬಗೆಯ ಬಿಯರನ್ನು ಚಿಕ್ಕ ಗ್ಲಾಸುಗಳಲ್ಲಿ ಕೊಡುವ ಸ್ಯಾಂಪ್ಲರ್ ತರಿಸಿದರೆ ಯಾವುದರಿಂದ ಶುರು ಮಾಡಬೇಕು? ಮೂರನೆಯ ಗ್ಲಾಸು ಮುಗಿಯುವಷ್ಟರಲ್ಲಿ ಎಲ್ಲ ಒಂದೇ ರುಚಿ ಅನ್ನಿಸುತ್ತದೆ. – ಓದುಗರು, ಕುವೆಂಪುನಗರ, ಮೈಸೂರು

ಉ: ಹಲಗೆಯ ಮೇಲೆ ಜೋಡಿಸಿಕೊಟ್ಟ ಸಾಲನ್ನು ನಂಬಬೇಡಿ. ಎಷ್ಟೋ ಕಡೆ ಬಣ್ಣ ನೋಡಿ ಜೋಡಿಸುತ್ತಾರೆ. ನೀವು ಕಹಿ ಮತ್ತು ಭಾರ ನೋಡಿ ಜೋಡಿಸಿಕೊಳ್ಳಿ. ಮೊದಲು ಲೇಗರ್ ಅಥವಾ ಅಕ್ಕಿ ಹಾಕಿದ ಬ್ಲಾಂಡ್ (ಬೆಂಗಳೂರಿನ ಬ್ರೂವರಿ ಟಾಯ್ಟ್‌ನ ಬಾಸ್ಮತಿ ಬ್ಲಾಂಡ್ ಇಂಥದ್ದು). ಆಮೇಲೆ ಗೋಧಿ ಬಿಯರು, ಅದರ ಬೆನ್ನಿಗೇ ಹಣ್ಣಿನದು. ಹಣ್ಣಿನ ಬಿಯರುಗಳಲ್ಲಿ ಹೆಚ್ಚಿನವು ಗೋಧಿ ಬಿಯರಿನ ಮೇಲೆಯೇ ಕಟ್ಟಿದವು. ಬರೀ ಗೋಧಿಯದನ್ನು ಮೊದಲು ಕುಡಿದಿದ್ದರೆ ಹಣ್ಣು ಏನು ಸೇರಿಸಿತು ಎಂದು ನಾಲಿಗೆಯೇ ಹೇಳುತ್ತದೆ. ನಂತರ ಕೆಂಪನೆಯ ರೆಡ್ ಏಲ್, ಹೆಚ್ಚು ಕಹಿಯ ಐಪಿಎ, ಕೊನೆಗೆ ಕಪ್ಪನೆಯ, ಭಾರವಾದ ಸ್ಟೌಟ್. ಐಪಿಎಯ ಐಬಿಯು, ಅಂದರೆ ಕಹಿಯ ಅಳತೆ, ಸಾಮಾನ್ಯವಾಗಿ 40ರಿಂದ 70. ಗೋಧಿಯದು 8ರಿಂದ 15. ಐಪಿಎ ಮೊದಲು ಕುಡಿದು ಗೋಧಿಗೆ ಬಂದರೆ ಅದು ಸಪ್ಪೆ ನೀರೇ. ನಿಮಗೆ ಎಲ್ಲ ಒಂದೇ ಅನ್ನಿಸುತ್ತಿರುವುದು ಇದರಿಂದಲೇ ಇರಬೇಕು.

ಇನ್ನೊಂದು ಕಾರಣ ತಂಪು. ಟ್ಯಾಪಿನಿಂದ ಬಿಯರು 3–4 ಡಿಗ್ರಿಯಲ್ಲಿ ಬರುತ್ತದೆ. ಆ ಚಳಿಗೆ ವಾಸನೆ ಮೇಲೇಳುವುದಿಲ್ಲ. ಗೋಧಿಯದು 6–8 ಡಿಗ್ರಿಯಲ್ಲಿ, ಸ್ಟೌಟ್ 10–13ರಲ್ಲಿ ಬಾಯಿ ಬಿಡುತ್ತದೆ. ಸ್ಟೌಟ್ ಗ್ಲಾಸನ್ನು ಅಂಗೈಯಲ್ಲಿ ಐದು ನಿಮಿಷ ಹಿಡಿದುಕೊಳ್ಳಿ. ಹಿಡಿಯುವ ಮೊದಲೊಂದು ಗುಟುಕು, ಆಮೇಲೊಂದು ಗುಟುಕು ಕುಡಿದು ನೋಡಿ.

ಗ್ಲಾಸು ಬಂದ ಕೂಡಲೇ, ನೊರೆ ಇಳಿಯುವ ಮುಂಚೆ, ಎರಡು ಚಿಕ್ಕ ಉಸಿರಲ್ಲಿ ಮೂಸಿ. ತಕ್ಷಣ ಹಾರಿಹೋಗುವ ವಾಸನೆಗಳು ಆಗಲೇ ಸಿಗಬೇಕು. ಬಳಿಕ 20–30 ಎಂಎಲ್ ಬಾಯಿಗೆ ಹಾಕಿ, ನಾಲಿಗೆಯ ಮೇಲೆಲ್ಲ ಓಡಿಸಿ, ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ವೈನಿನ ಹಾಗೆ ಉಗುಳುವುದು ಇಲ್ಲಿ ಆಗದು, ಯಾಕೆಂದರೆ ಕಹಿ ಪೂರ್ತಿ ತಿಳಿಯುವುದು ಗಂಟಲಿಗೆ ಇಳಿದ ಮೇಲೆ. ಗ್ಲಾಸಿನಿಂದ ಗ್ಲಾಸಿಗೆ ನಡುವೆ ನೀರು ಮತ್ತು ಉಪ್ಪು-ಖಾರವಿಲ್ಲದ ಬರೀ ಮಂಡಕ್ಕಿ. ಕಾಂಗ್ರೆಸ್ ಕಡಲೆಬೀಜ ಬಿಯರಿಗೆ ಒಳ್ಳೆಯ ಜೋಡಿ ನಿಜ, ಆದರೆ ರುಚಿ ನೋಡಿ ಮುಗಿದ ಮೇಲೆ ತರಿಸಿ. ಅದರ ಇಂಗು-ಮೆಣಸು ನಾಲಿಗೆಯಿಂದ ಬೇಗ ಬಿಡುವುದಿಲ್ಲ. ಎಣ್ಣೆ ಅಂಟಿದ ತುಟಿ ಗ್ಲಾಸಿಗೆ ತಾಗಿದರೆ ನೊರೆಯೂ ಕುಸಿಯುತ್ತದೆ. ಫಿಲ್ಟರ್ ಕಾಫಿ, ಪಾನ್, ಸೋಂಪು ಇವನ್ನೆಲ್ಲ ಒಂದು ಗಂಟೆ ಮೊದಲೇ ನಿಲ್ಲಿಸಿ.

ಪ್ರ: ಸ್ಯಾಂಪ್ಲರ್ ಅಂದರೆ ಸ್ವಲ್ಪವೇ ಅಲ್ಲವೇ, ಕುಡಿದು ಸ್ಕೂಟರ್ ಓಡಿಸಬಹುದೇ? – ಓದುಗರು, ರಾಜಾಜಿನಗರ

ಉ: ಬೇಡ. ಲೆಕ್ಕ ನೋಡಿ. 100 ಎಂಎಲ್‌ನ ಆರು ಗ್ಲಾಸು, ಸರಾಸರಿ ಶೇ 5.5. ಒಟ್ಟು 26 ಗ್ರಾಂ ಆಲ್ಕೋಹಾಲ್ ಆಯಿತು. ಒಂದೇ ಸಮನೆ ಕುಡಿದರೆ 65 ಕೆ.ಜಿ. ತೂಕದ ಗಂಡಸಿನ 100 ಎಂಎಲ್ ರಕ್ತದಲ್ಲಿ ಸುಮಾರು 60 ಮಿಲಿಗ್ರಾಂ, ಒಂದೂವರೆ ಗಂಟೆ ಎಳೆದು ಕುಡಿದರೂ 40ರ ಹತ್ತಿರ. ಹೆಂಗಸರಲ್ಲಿ ಇನ್ನೂ ಹೆಚ್ಚು. ಮೋಟಾರು ವಾಹನ ಕಾಯ್ದೆಯ ಮಿತಿ 30. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೆಟ್ರೋ ಇದೆ, ಆಟೋ ಇದೆ.

ಪ್ರ: ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ. ಎಸೆನ್ಸ್ ಹಾಕುತ್ತಾರೆಯೇ? ಹೋದ ಶನಿವಾರ ಅದೇ ಬಿಯರು ಬೆಣ್ಣೆ ಬೆಣ್ಣೆ ಅನ್ನಿಸಿತು. ವಾಪಸ್ ಕೊಡಬಹುದಿತ್ತೇ? – ಓದುಗರು, ಮಂಗಳೂರು

ಉ: ಬಾಳೆ, ಲವಂಗ ಎರಡೂ ಜರ್ಮನ್ ಮಾದರಿಯ ಗೋಧಿ ಬಿಯರಿನ ಈಸ್ಟ್ ತಾನೇ ಮಾಡುವುದು. 17–18 ಡಿಗ್ರಿಯಲ್ಲಿ ಹುದುಗಿಸಿದರೆ ಲವಂಗ ಮುಂದೆ, 22 ದಾಟಿದರೆ ಚೆನ್ನಾಗಿ ಕಳಿತ ಪಚ್ಚಬಾಳೆ ಮುಂದೆ. ಒಂದೇ ಬಿಯರು ಬ್ಯಾಚಿನಿಂದ ಬ್ಯಾಚಿಗೆ ಬದಲಾದ ಹಾಗೆ ಕಾಣುವುದು ಹೆಚ್ಚಾಗಿ ಈ ನಾಲ್ಕೈದು ಡಿಗ್ರಿಯಿಂದ.

ಬೆಣ್ಣೆ ಮಾತ್ರ ತಪ್ಪೇ. ಹೆಸರು ಡೈಅಸಿಟೈಲ್, ಥಿಯೇಟರಿನ ಪಾಪ್‌ಕಾರ್ನಿನ ವಾಸನೆ, ನಾಲಿಗೆಗೆ ಜಿಡ್ಡು. ಹುದುಗಿನ ಕೊನೆಯಲ್ಲಿ ಈಸ್ಟ್ ಇದನ್ನು ತಾನೇ ಹೀರಿಕೊಳ್ಳುತ್ತದೆ. ಅದಕ್ಕೆ ಎರಡು-ಮೂರು ದಿನ ಬೆಚ್ಚಗೆ ಬಿಡಬೇಕು. ವಾರಾಂತ್ಯಕ್ಕೆ ಬೇಕೆಂದು ಅವಸರದಲ್ಲಿ ತಣಿಸಿಬಿಟ್ಟರೆ ಬೆಣ್ಣೆ ಉಳಿದುಹೋಗುತ್ತದೆ. ಇನ್ನೊಂದು ದಾರಿ ಟ್ಯಾಪಿನ ಪೈಪು. ಎರಡು ವಾರಕ್ಕೊಮ್ಮೆ ಕಾಸ್ಟಿಕ್ ಹಾಕಿ ತೊಳೆಯದಿದ್ದರೆ ಬ್ಯಾಕ್ಟೀರಿಯಾ ಸೇರಿ ಬೆಣ್ಣೆಯ ಜೊತೆ ಹುಳಿಯೂ ಬರುತ್ತದೆ. ಬೆಣ್ಣೆ ಮಾತ್ರವಾದರೆ ಟ್ಯಾಂಕಿನ ಅವಸರ, ಹುಳಿಯೂ ಕೂಡಿದ್ದರೆ ಪೈಪಿನ ಕೊಳೆ ಎಂದು ಅಂದಾಜಿಸಬಹುದು. ಧಾರಾಳವಾಗಿ ವಾಪಸ್ ಕೊಡಿ, ಆದರೆ ‘ಚೆನ್ನಾಗಿಲ್ಲ’ ಎನ್ನದೆ ‘ಡೈಅಸಿಟೈಲ್ ಇದೆ, ಬ್ರೂಅರನ್ನು ಒಮ್ಮೆ ನೋಡಲು ಹೇಳಿ’ ಎನ್ನಿ. ವೇಟರಿನ ಮುಖವೇ ಬದಲಾಗುತ್ತದೆ.

ಬೇಯಿಸಿದ ಮುಸುಕಿನ ಜೋಳದ ನೀರಿನಂತೆ ಕಂಡರೆ ಕುದಿ ಸಾಲದು. ಆಸ್ಪತ್ರೆ ಬ್ಯಾಂಡೇಜಿನ ವಾಸನೆ ಬಂದರೆ ನೀರಿನಲ್ಲೋ ತೊಳೆದ ಪಾತ್ರೆಯಲ್ಲೋ ಕ್ಲೋರಿನ್ ಉಳಿದಿದೆ. ನೆನೆದ ರಟ್ಟಿನಂತಿದ್ದರೆ ಬಿಯರು ಗಾಳಿ ಕುಡಿದು ಹಳತಾಗಿದೆ. ಒಂದು ದೋಷ ಮಾತ್ರ ಗಿರಾಕಿಯದೇ. ಟೆರೇಸಿನಲ್ಲಿ ಕೂತು ಗ್ಲಾಸನ್ನು ನೇರ ಬಿಸಿಲಿಗೆ ಇಟ್ಟರೆ, ಬಿಯರಿಗೆ ಕಹಿ ಕೊಡುವ ಹೂವಾದ ಹಾಪ್ಸ್‌ನ ಕಹಿ ಅಂಶ ಬೆಳಕಿಗೆ ಒಡೆದು ಕೆಲವೇ ನಿಮಿಷಗಳಲ್ಲಿ ಸುಟ್ಟ ರಬ್ಬರಿನಂಥ ಗಬ್ಬು ಹೊರಡುತ್ತದೆ. ನೆರಳಿಗೆ ಎಳೆದುಕೊಳ್ಳಿ.

ಪ್ರ: ಪುನರ್ಪುಳಿ ಗೋಸ ಎಂದು ಕೊಟ್ಟರು. ಹುಳಿ, ಜೊತೆಗೆ ಉಪ್ಪು! ಕೆಟ್ಟಿತ್ತೇ? – ಓದುಗರು, ಶಿರಸಿ

ಉ: ಇಲ್ಲ, ಅದರ ಜಾತಿಯೇ ಹಾಗೆ. ಗೋಸ ಜರ್ಮನಿಯ ಗೋಸ್ಲಾರ್ ಊರಿನಲ್ಲಿ ಹುಟ್ಟಿ, ಲೈಪ್‌ಜಿಗ್‌ನಲ್ಲಿ ಬೆಳೆದ ಗೋಧಿ ಬಿಯರು. ಕೊತ್ತಂಬರಿ ಬೀಜ, ಉಪ್ಪು ಎರಡೂ ಬೀಳುತ್ತವೆ. ಈಗ ಹೆಚ್ಚಿನವರು ಮೊಸರು ಹೆಪ್ಪಾಗಿಸುವ ಬಳಗದ ಬ್ಯಾಕ್ಟೀರಿಯಾವನ್ನೇ 35–40 ಡಿಗ್ರಿಯಲ್ಲಿ ಒಂದೆರಡು ದಿನ ಬಿಟ್ಟು, ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 3.3ರ ಸುಮಾರಿಗೆ ಇಳಿದ ಮೇಲೆ ಕುದಿಸಿ ಕೊಲ್ಲುತ್ತಾರೆ. ನಿಮ್ಮ ಕಡೆಯ ಪುನರ್ಪುಳಿ ಪಾನಕ ಬಲ್ಲವರಿಗೆ ಇದು ಹೊಸದೇನಲ್ಲ. ಮೊಸರಿನ ನುಣ್ಣನೆಯ ಹುಳಿ ಸರಿ. ವಿನಿಗರಿನಂತೆ ಗಂಟಲು ಕೆರೆದರೆ ಕೆಟ್ಟಿದೆ.

ಪ್ರ: ನನಗೆ ಶುಗರ್ ಇದೆ. ರಾಗಿ ಬಿಯರು ಒಳ್ಳೆಯದಂತೆ? – ಓದುಗರು, ಹಾಸನ

ಉ: ರಾಗಿ ಮುದ್ದೆಯ ಗುಣ ಗ್ಲಾಸಿಗೆ ಬರುವುದಿಲ್ಲ. ರಾಗಿಯ ಪಾಲು ಸಾಮಾನ್ಯವಾಗಿ ಕಡಿಮೆ, ಮಿಕ್ಕದ್ದು ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ. ಆದ್ದರಿಂದ ಗ್ಲುಟೆನ್ ಆಗದವರಿಗೂ ಇದು ಸಲ್ಲದು. ಶುಗರಿಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಮದ್ಯದಿಂದ ಶುಗರ್ ದಿಢೀರ್ ಕೆಳಗಿಳಿಯುವ ಅಪಾಯವೂ ಇದೆ. ವೈದ್ಯರನ್ನು ಕೇಳದೆ ಮುಟ್ಟಬೇಡಿ. ರುಚಿಯ ಮಟ್ಟಿಗೆ ಹೇಳುವುದಾದರೆ, ಮೊಳಕೆ ಕಟ್ಟಿ ಹುರಿದ ರಾಗಿ ಹಾಕಿದ್ದರೆ ಹುರಿಹಿಟ್ಟಿನ ಕಂಪು ಚೆನ್ನಾಗಿ ಬರುತ್ತದೆ. ಬ್ರೂಅರಿಗೆ ಮಾತ್ರ ತಲೆನೋವು. ಬಾರ್ಲಿಯಂತೆ ಹೊಟ್ಟು ಇಲ್ಲದ್ದರಿಂದ ರಾಗಿ ಅಂಟಾಗಿ ಸೋಸುವ ಜಾಲರಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಭತ್ತದ ಹೊಟ್ಟು ಬೆರೆಸುತ್ತಾರೆ.

ಪ್ರ: ಚಿಕ್ಕಮಗಳೂರು ಕಾಫಿ ಹಾಕಿದ ಸ್ಟೌಟ್‌ನಲ್ಲಿ ದೊಣ್ಣೆಮೆಣಸಿನಕಾಯಿ ವಾಸನೆ! ಭ್ರಮೆಯೇ? – ಓದುಗರು, ಚಿಕ್ಕಮಗಳೂರು

ಉ: ಭ್ರಮೆಯಲ್ಲ. ಕಾಫಿ ಬಿಯರು ಹಳತಾದಾಗ ಹುರಿದ ಪರಿಮಳ ಮೊದಲು ಇಳಿಯುತ್ತದೆ, ಅಡಿಯಲ್ಲಿದ್ದ ಹಸಿ ಮೆಣಸಿನಕಾಯಿಯ ವಾಸನೆ ಮೇಲೇಳುತ್ತದೆ. ತೀರಾ ಎಳಸಾಗಿ ಹುರಿದ ಬೀಜದಲ್ಲೂ ಹೀಗಾಗುತ್ತದೆ. ತರಿತರಿಯಾಗಿ ಒಡೆದ ಬೀಜವನ್ನು ಲೀಟರಿಗೆ 10–15 ಗ್ರಾಂನಂತೆ, ತಣ್ಣಗಿರುವ ಬಿಯರಿನಲ್ಲಿ ಒಂದು ದಿನ ನೆನೆಹಾಕಿ ತೆಗೆದರೆ ಚೆನ್ನ. ಅದಕ್ಕಿಂತ ಹೆಚ್ಚು ಬಿಟ್ಟರೆ ಒಗರು, ಬೀಜದ ಎಣ್ಣೆ ಜಾಸ್ತಿ ಇಳಿದರೆ ನೊರೆ ನಿಲ್ಲುವುದಿಲ್ಲ. ಮುಂದಿನ ಸಲ ತರಿಸುವ ಮೊದಲು, ಟ್ಯಾಪಿಗೆ ಹಾಕಿ ಎಷ್ಟು ದಿನವಾಯಿತು ಎಂದು ಕೇಳಿ. ತಿಂಗಳು ದಾಟಿದ್ದರೆ ಮಾಮೂಲಿ ಸ್ಟೌಟ್ ತರಿಸಿಕೊಳ್ಳಿ.