ಡಿ500 ಇರುವಾಗ ಝಡ್8 ತಗೊಳ್ಳಬೇಕಾ? ಶಿವಮೊಗ್ಗದಿಂದ ಒಂದು ಉತ್ತರ

ನಿಮ್ಮ ಪ್ರಶ್ನೆ ಇಷ್ಟು ಅಂತ ನನಗೆ ಅರ್ಥವಾಯಿತು. ನಿಮ್ಮ ಹತ್ತಿರ ಎಂಟು ವರ್ಷದಿಂದ ನಿಕಾನ್ ಡಿ500 ಕ್ಯಾಮೆರಾ ಇದೆ, ಅದಕ್ಕೆ 200-500 ಎಂಎಂ ಜೂಮ್ ಲೆನ್ಸ್. ಈಗ ಕೈಯಲ್ಲಿ ಮೂರೂವರೆ ಲಕ್ಷ ಕೂಡಿದೆ. ಮಳೆಗಾಲದ ಕಾಡಿನಲ್ಲಿ ಫೋಟೋ ಮರಳು ಚೆಲ್ಲಿದ ಹಾಗೆ ಗ್ರೇನ್ ಗ್ರೇನ್ ಆಗಿ ಬರುತ್ತಿದೆ, ಹಾರುವ ಹಕ್ಕಿ ಶಾರ್ಪ್ ಆಗಿ ಸಿಗುತ್ತಿಲ್ಲ. ನಿಕಾನಿನದೇ ಝಡ್8 ಬಾಡಿ (ಅಂದ್ರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ತಗೊಂಡರೆ ಇದೆಲ್ಲ ಸರಿಹೋಗುತ್ತಾ ಅಂತ ಕೇಳಿದ್ದೀರಿ.

ನಾನೂ ನಿಮ್ಮ ಊರಿನವನೇ. ಶಿವಮೊಗ್ಗದಲ್ಲಿ ಸಣ್ಣ ಸ್ಟುಡಿಯೊ ಇದೆ. ಹೊಟ್ಟೆಪಾಡು ಮದುವೆ ಫೋಟೋ, ಹುಚ್ಚು ಹಕ್ಕಿ ಫೋಟೋ. ಇದೇ ಡಿ500, ಇದೇ ಲೆನ್ಸ್ ಹೊತ್ತುಕೊಂಡು ಆರು ವರ್ಷ ಓಡಾಡಿ, 2023ರ ಕೊನೆಯಲ್ಲಿ ಝಡ್8ಗೆ ಬಂದೆ. ಹಳೆಯದನ್ನು ಮಾರಿಲ್ಲ.

ನೇರವಾಗಿ ಹೇಳುತ್ತೇನೆ. ನಿಮ್ಮ ಎರಡು ದೂರುಗಳಲ್ಲಿ ಒಂದಕ್ಕೆ ಮಾತ್ರ ಝಡ್8 ಮದ್ದು. ಅದು ಹಾರುವ ಹಕ್ಕಿಗೆ. ಗ್ರೇನ್‌ಗೆ ಅಲ್ಲ.

ಗ್ರೇನ್ ವಿಷಯದಲ್ಲಿ ನಾನೇ ದುಡ್ಡು ಕೊಟ್ಟು ಪಾಠ ಕಲಿತವನು. ಝಡ್8 ಫುಲ್ ಫ್ರೇಮ್, ಅಂದ್ರೆ ಡಿ500ಗಿಂತ ದೊಡ್ಡ ಸೆನ್ಸರ್ (ಫೋಟೋ ಹಿಡಿಯುವ ಚಿಪ್), ದೊಡ್ಡ ಸೆನ್ಸರ್‌ಗೆ ಬೆಳಕು ಜಾಸ್ತಿ, ಬೆಳಕು ಜಾಸ್ತಿಯಾದರೆ ಗ್ರೇನ್ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಮದುವೆ ಮಂಟಪದಲ್ಲಿ ಅದು ನೂರಕ್ಕೆ ನೂರು ನಿಜ. ಎರಡು ಹೆಜ್ಜೆ ಮುಂದೆ ಹೋಗಿ ವಧುವರರನ್ನು ಫ್ರೇಮ್ ತುಂಬ ತಗೊಳ್ಳಬಹುದು. ಆಗುಂಬೆಯಲ್ಲಿ ಮರದ ಮೇಲೆ ಕೂತ ಮಲಬಾರ್ ಟ್ರೋಗನ್ ಹತ್ತಿರ ಎರಡು ಹೆಜ್ಜೆ ಹೋಗಿ ನೋಡಿ, ಅದು ಪಕ್ಕದ ಕಣಿವೆಯಲ್ಲಿರುತ್ತದೆ. ನಿಂತಲ್ಲೇ ನಿಂತು ತೆಗೆಯಬೇಕು. ಅದೇ ಲೆನ್ಸ್, ಅದೇ 500 ಎಂಎಂ, ಅದೇ ಎಫ್ 5.6 (ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಅಂಕಿ, ಚಿಕ್ಕದಾದಷ್ಟೂ ಬೆಳಕು ಜಾಸ್ತಿ). ಲೆನ್ಸ್ ಸೆನ್ಸರ್ ಮೇಲೆ ಬೀಳಿಸುವ ಹಕ್ಕಿಯ ಬಿಂಬ ಎರಡೂ ಬಾಡಿಯಲ್ಲಿ ಒಂದೇ ಅಳತೆ. ಡಿ500ನಲ್ಲಿ ಅದು ಫ್ರೇಮಿನ ಅರ್ಧ ಅಗಲ ತುಂಬಿದರೆ, ಝಡ್8ನಲ್ಲಿ ಮೂರನೇ ಒಂದು ಭಾಗ ಮಾತ್ರ ತುಂಬುತ್ತದೆ. ಸುತ್ತ ಬಂದದ್ದೆಲ್ಲ ಎಲೆ, ಕೊಂಬೆ. ಮನೆಗೆ ಬಂದು ಆ ಎಲೆ ಕೊಂಬೆಯನ್ನು ನೀವು ಕ್ರಾಪ್ ಮಾಡಿ ಬಿಸಾಕುತ್ತೀರಿ. ದೊಡ್ಡ ಸೆನ್ಸರ್ ಹಿಡಿದ ಜಾಸ್ತಿ ಬೆಳಕೂ ಆ ಎಲೆಗಳ ಜೊತೆಗೇ ಹೋಯಿತು. ಹಕ್ಕಿಯ ಪಾಲಿಗೆ ಬಂದ ಬೆಳಕು ಮೊದಲಿದ್ದಷ್ಟೇ.

ಮೆಗಾಪಿಕ್ಸೆಲ್ ಕಥೆಯೂ ಹಾಗೇ. ಝಡ್8 ಅಂದ್ರೆ 45.7 ಮೆಗಾಪಿಕ್ಸೆಲ್. ಡಿ500ನ ಸೆನ್ಸರ್ ಅಳತೆಗೆ ಕ್ರಾಪ್ ಮಾಡಿದರೆ ಉಳಿಯುವುದು ಸುಮಾರು 19. ನಿಮ್ಮ ಡಿ500ನಲ್ಲಿ ಈಗಾಗಲೇ 20.9 ಇದೆ.

ನಂಬಿಕೆ ಬರದೆ ನಾನು ಪರೀಕ್ಷೆ ಮಾಡಿದೆ. ಸ್ಟುಡಿಯೊ ಹಿಂದೆ ಒಂದು ತೆಂಗಿನಮರ ಇದೆ, ಸಂಜೆ ಹೊತ್ತು ಗಿಳಿಗಳು ಬರುತ್ತವೆ. ಬೆಳಕು ಇಳಿದ ಮೇಲೆ ಟ್ರೈಪಾಡ್ ಮೇಲೆ ಒಂದಾದ ಮೇಲೊಂದು ಬಾಡಿ ಕೂರಿಸಿ, ಎರಡರಲ್ಲೂ ಐಎಸ್‌ಒ (ಏರಿಸಿದಷ್ಟೂ ಕತ್ತಲಲ್ಲೂ ಫೋಟೋ ಬೆಳ್ಳಗೆ ಬರುತ್ತದೆ, ಗ್ರೇನೂ ಏರುತ್ತದೆ) 6400 ಇಟ್ಟು ತೆಗೆದೆ. ಹಕ್ಕಿ ಒಂದೇ ಗಾತ್ರ ಬರುವ ಹಾಗೆ ಕ್ರಾಪ್ ಮಾಡಿ, 12-18 ಪ್ರಿಂಟ್ ಹಾಕಿದೆ. ನಮ್ಮ ಹುಡುಗನಿಗೆ ತೋರಿಸಿ ಹೊಸ ಕ್ಯಾಮೆರಾದ್ದು ಯಾವುದು ಅಂದೆ. ಬೆರಳಿಟ್ಟು ಡಿ500 ಪ್ರಿಂಟ್ ತೋರಿಸಿದ! ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಝಡ್8 ನೆರಳಿನ ಭಾಗ ಸ್ವಲ್ಪ ಸ್ವಚ್ಛ ಇತ್ತು, ಇಲ್ಲ ಅನ್ನುವುದಿಲ್ಲ. ಮೂರು ಲಕ್ಷದ ವ್ಯತ್ಯಾಸ ಮಾತ್ರ ಅಲ್ಲಿ ಇರಲಿಲ್ಲ.

ಹಾಗಾದರೆ ಗ್ರೇನ್‌ಗೆ ಏನು ಮಾಡಬೇಕು? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅಲ್ಲಿ ಜುಲೈ ತಿಂಗಳ ಬೆಳಗ್ಗೆ ಮರದ ಕೆಳಗೆ 1/250 ಸೆಕೆಂಡ್, ಎಫ್ 5.6 ಇಟ್ಟರೆ ಐಎಸ್‌ಒ ಸುಮ್ನೆ 6400 ದಾಟಿಬಿಡುತ್ತದೆ. ಎಫ್ 4 ಲೆನ್ಸ್ ಇದ್ದರೆ ಅದು 3200, ಎಫ್ 2.8 ಇದ್ದರೆ 1600. ಅಂದ್ರೆ ಆ ಕೆಲಸ ಲೆನ್ಸಿನದು. ಅಂಥ ಲೆನ್ಸಿನ ಬೆಲೆ ಕೇಳಿದರೆ ಅಡಿಕೆ ತೋಟ ಮಾರಬೇಕು, ಅದು ಬೇರೆ ಮಾತು. ದುಡ್ಡಿಲ್ಲದವರ ದಾರಿ ಟ್ರೈಪಾಡ್. ಕೂತ ಹಕ್ಕಿಗೆ 1/250 ಯಾಕೆ? ಕಪ್ಪೆಬಾಯಿ ಹಕ್ಕಿ ಹಗಲೆಲ್ಲ ಒಣಗಿದ ಎಲೆಯ ಹಾಗೆ ಅಲ್ಲಾಡದೆ ಕೂತಿರುತ್ತದೆ. ಅದನ್ನು ನಾನು 1/15ರಲ್ಲಿ ತೆಗೆದಿದ್ದೇನೆ, ಐಎಸ್‌ಒ 400ರಲ್ಲಿ. ಹತ್ತು ತೆಗೆದರೆ ಮೂರು ಶಾರ್ಪ್ ಬರುತ್ತವೆ, ಮೂರು ಸಾಕಲ್ವಾ.

ಇನ್ನೊಂದು ದಾರಿ ಸಾಫ್ಟ್‌ವೇರ್. 2023ರ ಏಪ್ರಿಲ್‌ನಲ್ಲಿ ಅಡೋಬಿ ಲೈಟ್‌ರೂಮಿಗೆ ಗ್ರೇನ್ ತೆಗೆಯುವ ಎಐ ಡಿನಾಯ್ಸ್ ಬಂತು. ನಾನು 2018ರ ಹಳೆಯ ರಾ ಫೈಲ್‌ಗಳನ್ನು (ಕ್ಯಾಮೆರಾ ಏನೂ ತಿದ್ದದೆ ಇಟ್ಟ ಮೂಲ ಫೈಲ್) ಅದಕ್ಕೆ ಹಾಕಿ ನೋಡಿದೆ. ಹಾಳು ಅಂತ ಬದಿಗಿಟ್ಟಿದ್ದ ಒಂದು ಟ್ರೋಗನ್ ಈಗ ಸ್ಟುಡಿಯೊ ಗೋಡೆ ಮೇಲಿದೆ. ರಾ ಫೈಲ್ ಇಟ್ಟುಕೊಂಡಿದ್ದರೆ ನಿಮ್ಮ ಎಂಟು ವರ್ಷದ ಫೋಟೋಗಳೂ ಹೊಸ ಬಾಡಿ ಬಂದಷ್ಟೇ ಬದಲಾಗುತ್ತವೆ. ಬರೀ ಜೆಪೆಗ್ ಇಟ್ಟಿದ್ದರೆ ಬೈಯುವುದಿಲ್ಲ, ಇವತ್ತಿಂದ ರಾ ಹಾಕಿ.

ಈಗ ಶಾರ್ಪ್ ಸಿಗುತ್ತಿಲ್ಲ ಅನ್ನುವ ಮಾತಿಗೆ ಬರುತ್ತೇನೆ. ಇಲ್ಲಿ ನನ್ನ ಮಾನ ಹೋದ ಕಥೆ ಒಂದಿದೆ. 2021ರಲ್ಲಿ ಪೂರ್ತಿ ಒಂದು ಸೀಸನ್ ನನ್ನ ಫೋಟೋ ಎಲ್ಲ ಮೆತ್ತಗೆ. ಮಂಡಗದ್ದೆ ಪಕ್ಷಿಧಾಮದಲ್ಲಿ ಬೆಳ್ಳಕ್ಕಿ ತೆಗೆದರೆ ಗರಿಗೆ ಹಿಟ್ಟು ಮೆತ್ತಿದ ಹಾಗೆ. ಬಾಡಿ ಮುದಿಯಾಯಿತು, ಸೆನ್ಸರ್ ಹೋಯಿತು ಅಂತ ಎಲ್ಲರ ಮುಂದೆ ಗೊಣಗಿದೆ. ಒಂದು ದಿನ ಮಳೆ ಹನಿ ಒರೆಸಲು ಲೆನ್ಸ್ ಮುಂದಿನ ಯುವಿ ಫಿಲ್ಟರ್ ಬಿಚ್ಚಿದೆ, ವಾಪಸ್ ಹಾಕುವುದು ಮರೆತೆ. ಅವತ್ತಿನ ಫೋಟೋ ನೋಡಿದರೆ ಬೆಳ್ಳಕ್ಕಿಯ ಕಣ್ಣಿನೊಳಗೆ ಹೊಳೆ ಕಾಣುತ್ತಿದೆ! ಈ ಲೆನ್ಸಿಗೆ 95 ಎಂಎಂ ಫಿಲ್ಟರ್ ಬೇಕು, ಒಳ್ಳೆಯದು ದುಬಾರಿ ಅಂತ ಅಗ್ಗದ್ದು ಹಾಕಿಸಿಕೊಂಡಿದ್ದೆ. ಲಕ್ಷ ರೂಪಾಯಿ ಲೆನ್ಸಿನ ಮುಂದೆ ಕಿಟಕಿ ಗಾಜು ಕೂರಿಸಿಕೊಂಡು ಒಂದು ವರ್ಷ ಕ್ಯಾಮೆರಾಗೆ ಬೈದವನು ನಾನು. ನಿಮ್ಮದರಲ್ಲಿ ಫಿಲ್ಟರ್ ಇದ್ದರೆ ಇವತ್ತೇ ಬಿಚ್ಚಿ ನೋಡಿ.

ಅದೂ ಅಲ್ಲದಿದ್ದರೆ ಎಎಫ್ (ಆಟೋಫೋಕಸ್) ಫೈನ್ ಟ್ಯೂನ್ ಮಾಡಿ. ಡಿ500 ಥರದ, ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ನೋಡುವ ಭಾಗ ಬೇರೆ, ಫೋಟೋ ಹಿಡಿಯುವ ಸೆನ್ಸರ್ ಬೇರೆ. ಎರಡರ ನಡುವೆ ಕೂದಲೆಳೆ ವ್ಯತ್ಯಾಸ ಬಂದರೂ 500 ಎಂಎಂನಲ್ಲಿ ಕಣ್ಣಿನ ಬದಲು ಬಾಲ ಶಾರ್ಪ್ ಆಗುತ್ತದೆ. ಡಿ500ನಲ್ಲಿ ಇದಕ್ಕೆ ಸುಲಭದ ವ್ಯವಸ್ಥೆ ಇದೆ. ಟ್ರೈಪಾಡ್ ಮೇಲಿಟ್ಟು, ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ ನೋಡುತ್ತಾ) ನಡುವಿನ ಪಾಯಿಂಟ್‌ನಿಂದ ಫೋಕಸ್ ಮಾಡಿ, ಎಎಫ್ ಮೋಡ್ ಗುಂಡಿ ಮತ್ತು ವಿಡಿಯೊ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಬಾಡಿಯೇ ಲೆಕ್ಕ ಹಾಕಿ ಬರೆದುಕೊಳ್ಳುತ್ತದೆ. ಆರೇಳು ಸಲ ಮಾಡಿ, ಬಂದ ಅಂಕಿಗಳ ನಡುವಿನದನ್ನು ಇಟ್ಟುಕೊಳ್ಳಿ. ಝಡ್8 ಥರದ, ಕನ್ನಡಿ ಇಲ್ಲದ ಮಿರರ್‌ಲೆಸ್‌ನಲ್ಲಿ ಈ ರಗಳೆ ಇಲ್ಲ, ಫೋಕಸ್ ಸೆನ್ಸರ್ ಮೇಲೆಯೇ ನಡೆಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಹಾರುವ ಹಕ್ಕಿ ಸಿಗದಿದ್ದರೆ ಆಗ ನಾನು ಝಡ್8 ಪರ ಮಾತಾಡುತ್ತೇನೆ.

ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೆ ನೀವೂ ಹೋಗಿರುತ್ತೀರಿ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆ ತೇಲಿದಾಗ ರಿವರ್ ಟರ್ನ್‌ಗಳು ಅಲ್ಲಿ ಮೊಟ್ಟೆ ಇಡುತ್ತವೆ. (ಸರಿಯಾಗಿ ಅದೇ ಏಪ್ರಿಲ್, ಮೇ ತಿಂಗಳಲ್ಲಿ ನನಗೆ ಮುಹೂರ್ತದ ಮೇಲೆ ಮುಹೂರ್ತ. ಮಂಡಗದ್ದೆ ಹಕ್ಕಿಗಳು ಒಳ್ಳೆಯವು, ಮದುವೆ ಇಲ್ಲದ ಆಷಾಢದಲ್ಲಿ ಸಿಗುತ್ತವೆ.) ದೋಣಿ ಅಲ್ಲಾಡುತ್ತಿರುತ್ತದೆ. ಟರ್ನ್ ನೇರ ಹಾರುವ ಜಾತಿಯಲ್ಲ. ಗಾಳಿಯಲ್ಲಿ ಒಂದು ಕ್ಷಣ ನಿಂತು, ತಿರುಗಿ, ಕಲ್ಲು ಬಿದ್ದ ಹಾಗೆ ನೀರಿಗೆ ಬೀಳುತ್ತದೆ. ಡಿ500ನಲ್ಲಿ 153 ಫೋಕಸ್ ಪಾಯಿಂಟ್ ಇದ್ದರೂ ಒಂದು ಗುಂಪನ್ನು ಹಕ್ಕಿಯ ಮೇಲೆ ಇಡುವ ಕೆಲಸ ನಿಮ್ಮ ಕೈಯದು. ಕೈ ಸ್ವಲ್ಪ ತಪ್ಪಿದರೆ ಫೋಕಸ್ ಹಿಂದಿನ ಬೆಟ್ಟಕ್ಕೆ ಹೋಗುತ್ತದೆ, ವಾಪಸ್ ಬರುವಷ್ಟರಲ್ಲಿ ಟರ್ನ್ ಮೀನು ನುಂಗಿ ಆಗಿರುತ್ತದೆ. ಝಡ್8 ಹಕ್ಕಿಯನ್ನೇ ಗುರುತಿಸಿ ಕಣ್ಣಿನ ಮೇಲೆ ಚೌಕ ಕೂರಿಸುತ್ತದೆ. ನನ್ನ ಕೆಲಸ ಹಕ್ಕಿಯನ್ನು ಫ್ರೇಮಿನೊಳಗೆ ಇಟ್ಟುಕೊಳ್ಳುವುದು ಮಾತ್ರ. ಡಿ500ನಲ್ಲಿ ಸೆಕೆಂಡಿಗೆ 10 ಫೋಟೋ, ಇದರಲ್ಲಿ ರಾ ಫೈಲೇ 20. ಪ್ರಿ-ರಿಲೀಸ್ ಅಂತ ಒಂದು ಸೌಲಭ್ಯ ಇದೆ. ನೀವು ಗುಂಡಿ ಪೂರ್ತಿ ಒತ್ತುವ ಒಂದು ಸೆಕೆಂಡ್ ಹಿಂದಿನ ಫೋಟೋಗಳೂ ಸಿಗುತ್ತವೆ, ಆದರೆ ಜೆಪೆಗ್‌ನಲ್ಲಿ ಮಾತ್ರ. ಕೊಂಬೆಯ ಮೇಲಿಂದ ಮಿಂಚುಳ್ಳಿ ಜಿಗಿಯುವ ಗಳಿಗೆ ನನಗೆ ಆರು ವರ್ಷ ಸಿಕ್ಕಿರಲಿಲ್ಲ. ಅದು ಖಾಲಿ ಕೊಂಬೆಯ ಫೋಟೋ ಆಗುತ್ತಿತ್ತು. ಈಗ ಸಿಕ್ಕಿದೆ.

ಆದರೂ ಒಂದು ಎಚ್ಚರ. ಕಾಡಿನ ಒಳಗೆ, ಬಿದಿರು ಮೆಳೆ ಹಿಂದೆ ಹಕ್ಕಿ ಕೂತಿದ್ದರೆ ಈ ಬುದ್ಧಿವಂತ ಫೋಕಸ್ ಮುಂದಿನ ಕಡ್ಡಿಗೆ ಹೋಗಿ ಕೂರುವುದು ಇದ್ದೇ ಇದೆ. ಬೆಳಗ್ಗೆ ಹನ್ನೊಂದರ ಮೇಲೆ ಹಿನ್ನೀರಿನ ಮೇಲೆ ಬಿಸಿಗಾಳಿ ಕುದಿಯಲು ಶುರುವಾದರೆ ದೂರದ ಹಕ್ಕಿ ಯಾವ ಬಾಡಿಯಲ್ಲೂ ಶಾರ್ಪ್ ಬರುವುದಿಲ್ಲ.

ಖರ್ಚಿನ ಲೆಕ್ಕವನ್ನೂ ಪೂರ್ತಿ ಹಾಕಿ. ನಿಮ್ಮ ಲೆನ್ಸ್ ಕೂರಿಸಲು ಎಫ್‌ಟಿಝಡ್ ಅಡಾಪ್ಟರ್ ಬೇಕು. ಬ್ಯಾಟರಿ ಇನ್ನೆರಡು ಬೇಕೇ ಬೇಕು. ಕಂಪನಿ ಲೆಕ್ಕದಲ್ಲೇ ಡಿ500 ಒಂದು ಚಾರ್ಜ್‌ಗೆ 1240 ಫೋಟೋ ತೆಗೆದರೆ ಝಡ್8 ಮುನ್ನೂರು ಚಿಲ್ಲರೆ. ಫೀಲ್ಡಿನಲ್ಲಿ ಬರ್ಸ್ಟ್ (ಬಿಡದೆ ಸಾಲಾಗಿ ಫೋಟೋ) ಹೊಡೆಯುವಾಗ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತೆ, ಆದರೆ ಕಣ್ಣಿಗಿಟ್ಟುಕೊಂಡು ಕಾಯುವಾಗಲೂ ಇದು ಬ್ಯಾಟರಿ ತಿನ್ನುತ್ತಿರುತ್ತದೆ. ಆಮೇಲೆ ಹಾರ್ಡ್ ಡಿಸ್ಕ್. ಐವತ್ತು ಸೆಕೆಂಡ್ ಗುಂಡಿ ಒತ್ತಿದರೆ ಸಾವಿರ ಫೋಟೋ. ಆರಿಸಲು ಕೂತರೆ ರಾತ್ರಿ ಊಟ ಆರುತ್ತದೆ, ಮನೆಯಲ್ಲಿ ಮಾತು ಬೇರೆ.

ಕೊನೆಗೆ ನಮ್ಮ ಮಲೆನಾಡಿಗೇ ಸೇರಿದ ಒಂದು ಕಾರಣ. ನಾನು ನಿಜವಾಗಿ ಬದಲಾಯಿಸಿದ್ದು ಇದಕ್ಕಾಗಿಯೇ ಅಂತ ಈಗ ಅನ್ನಿಸುತ್ತದೆ. 200-500 ಜೂಮ್ ಮಾಡುವಾಗ ಕೊಳವೆ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ. ಪ್ರತಿ ಸಲವೂ ಸೈಕಲ್ ಪಂಪಿನ ಹಾಗೆ ಹೊರಗಿನ ಗಾಳಿ ಒಳಗೆಳೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯ ಗಾಳಿ ಅಂದ್ರೆ ಅರ್ಧ ನೀರು. ನನ್ನ ಲೆನ್ಸಿನೊಳಗೆ ಜೇಡರ ಬಲೆ ಥರ ಫಂಗಸ್ ಬಂತು. ಬಿಚ್ಚಿ ಕ್ಲೀನ್ ಮಾಡಿಸಿದ ಒಂದು ಕಡೆ ಒಳಗಿನ ಗಾಜು ಸರಿಯಾಗಿ ಕೂರಿಸದೆ ಕೊಟ್ಟರು, ಒಂದು ಪಕ್ಕ ಶಾರ್ಪ್ ಇದ್ದರೆ ಇನ್ನೊಂದು ಪಕ್ಕ ಇಲ್ಲ. 2023ರಲ್ಲಿ ಬಂದ 180-600 ಲೆನ್ಸಿನಲ್ಲಿ ಜೂಮ್ ಒಳಗೊಳಗೇ ನಡೆಯುತ್ತದೆ, ಕೊಳವೆ ಉದ್ದ ಆಗುವುದಿಲ್ಲ. ಅದು ಝಡ್ ಬಾಡಿಗೆ ಮಾತ್ರ ಕೂರುತ್ತದೆ. ಎರಡೂ ಸೇರಿದರೆ ನಿಮ್ಮ ಮೂರೂವರೆ ಲಕ್ಷ ಸಾಲುವುದಿಲ್ಲ ಅನ್ನುವುದು ಗೊತ್ತು. ಯಾವ ಲೆನ್ಸ್ ಇಟ್ಟುಕೊಂಡರೂ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಇಲ್ಲವಾದರೆ ಡ್ರೈ ಕ್ಯಾಬಿನೆಟ್ ತಗೊಂಡು ತೇವ ಶೇಕಡಾ 40ರಿಂದ 50ರ ನಡುವೆ ಇರಲಿ. ನಮ್ಮ ಅಮ್ಮ ಹೇಳಿದ ಹಾಗೆ ಅಕ್ಕಿ ಡಬ್ಬದಲ್ಲಿ ಹುಗಿದಿಡಬೇಡಿ. ಒಂದು ಮಳೆಗಾಲ ಹುಗಿದಿಟ್ಟು, ಜೂಮ್ ತಿರುಗಿಸಿದರೆ ಹಿಟ್ಟು ಉದುರುತ್ತಿತ್ತು.

ಕಡಿಮೆ ಬೆಲೆಯದ್ದು ನೋಡುವುದಾದರೆ ಝಡ್6 ಮೂರನೇ ಮಾದರಿ ಬೇಡ. ಒಳ್ಳೆಯ ಕ್ಯಾಮೆರಾವೇ, ಮದುವೆಗೆ ನಾನೇ ತಗೊಂಡೇನು. ಆದರೆ 24.5 ಮೆಗಾಪಿಕ್ಸೆಲ್ ಅನ್ನು ನಿಮ್ಮ ಡಿ500 ಅಳತೆಗೆ ಕ್ರಾಪ್ ಮಾಡಿದರೆ ಹತ್ತು ಚಿಲ್ಲರೆ ಉಳಿಯುತ್ತದೆ, ದೂರದ ಹಕ್ಕಿಗೆ ಅದು ಹಿನ್ನಡೆ.

ನೀವು ಈಗ ಮಾಡಬೇಕಾದ್ದು ಹೀಗೆ. ಹೋದ ಒಂದು ವರ್ಷ ಹಾಳಾದ ಫೋಟೋಗಳಲ್ಲಿ ಒಂದು ಇನ್ನೂರನ್ನು ತೆಗೆದುಕೊಂಡು ಕೂರಿ. ಅಳಿಸಿಬಿಟ್ಟಿದ್ದರೆ ಮುಂದಿನ ಎರಡು ತಿಂಗಳು ಅಳಿಸಬೇಡಿ. ಪ್ರತಿಯೊಂದಕ್ಕೂ ಯಾಕೆ ಹಾಳಾಯಿತು ಅಂತ ಒಂದು ಪದ ಬರೆಯಿರಿ. ಕತ್ತಲು, ದೂರ, ಕೈ ನಡುಕ, ಬಿಸಿಗಾಳಿ, ಫೋಕಸ್ ತಪ್ಪಿತು, ಗಳಿಗೆ ತಪ್ಪಿತು. ಕೊನೆಯ ಎರಡು ಪದ ಅರ್ಧಕ್ಕಿಂತ ಜಾಸ್ತಿ ಬಂದರೆ ಝಡ್8 ತಗೊಳ್ಳಿ, ಬಿಲ್ ಮತ್ತು ಭಾರತದ ವಾರಂಟಿ ಇರುವುದನ್ನೇ ತಗೊಳ್ಳಿ. ನಾನು ಬದಲಾಯಿಸುವ ಮುಂಚೆ ಈ ಲೆಕ್ಕ ಹಾಕಿರಲಿಲ್ಲ. ಆಮೇಲೆ ಹಾಕಿದಾಗ ನನ್ನ ಇನ್ನೂರರಲ್ಲಿ ಎಪ್ಪತ್ತಕ್ಕೆ ಮಾತ್ರ ಆ ಪದಗಳು ಬಂದಿದ್ದವು. ಅತಿ ಜಾಸ್ತಿ ಬಂದ ಪದ 'ದೂರ'.

ಆಷಾಢದ ಭಾನುವಾರಗಳಲ್ಲಿ ಬೆಳಗ್ಗೆ ಏಳಕ್ಕೆ ನಾನು ಮಂಡಗದ್ದೆಯ ವೀಕ್ಷಣಾ ಗೋಪುರದ ಹತ್ತಿರ ಇರುತ್ತೇನೆ. ನಿಮ್ಮ ಲೆನ್ಸ್ ಮತ್ತು ಒಂದು ಖಾಲಿ ಎಸ್‌ಡಿ ಕಾರ್ಡ್ ತನ್ನಿ. ಅಡಾಪ್ಟರ್ ನನ್ನ ಬ್ಯಾಗಿನಲ್ಲಿದೆ. ಅರ್ಧ ಗಂಟೆ ಝಡ್8 ನಿಮ್ಮ ಕೈಯಲ್ಲಿ ಇರಲಿ, ಕಾರ್ಡ್ ಮನೆಗೆ ತಗೊಂಡು ಹೋಗಿ ನಿಮ್ಮದೇ ಕಂಪ್ಯೂಟರಿನಲ್ಲಿ ನೋಡಿ.