17 ಜಾಗ, 4 ದಿನ, ಇಬ್ಬರು ಮಕ್ಕಳು

ಓದುಗರೊಬ್ಬರ ಪತ್ರದ ಸಾರ: “ಮಗಳಿಗೆ ನಾಲ್ಕೂವರೆ ವರ್ಷ, ಮಗನಿಗೆ ಎರಡು. ರಜೆಯಲ್ಲಿ ನಾಲ್ಕು ದಿನದ ಮಟ್ಟಿಗೆ ಒಂದು ಮಹಾನಗರಕ್ಕೆ ಹೊರಟಿದ್ದೇವೆ. ನೋಡಬೇಕಾದ 17 ಜಾಗಗಳ ಪಟ್ಟಿಯನ್ನು ಜೊತೆಗಿಟ್ಟಿದ್ದೇನೆ. ಯಾವ ದಿನ ಯಾವುದನ್ನು ನೋಡಿದರೆ ಎಲ್ಲವೂ ಮುಗಿಯುತ್ತದೆ? ಈ ವಯಸ್ಸಿನಲ್ಲಿ ಮಕ್ಕಳಿಗೆ ಏನೂ ನೆನಪಿರುವುದಿಲ್ಲ, ದೊಡ್ಡವರಾದ ಮೇಲೆ ಹೋಗಿ ಎನ್ನುತ್ತಾರೆ ಅತ್ತೆ. ಅವರ ಮಾತು ನಿಜವೇ?”

ಸಂಪಾದಕರ ಉತ್ತರ:

ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಮೊದಲ ಸಲಕ್ಕೇ ನನ್ನ ಕಾಲು ನೋಯತೊಡಗಿತ್ತು. ಎರಡನೆಯ ಸಲ ಪೆನ್ಸಿಲ್ ಹಿಡಿದು ಕುಳಿತು ಹದಿಮೂರನ್ನು ಹೊಡೆದುಹಾಕಿದೆ. ಉಳಿದದ್ದು ನಾಲ್ಕು, ದಿನಕ್ಕೊಂದು. ಪತ್ರವನ್ನು ಇಲ್ಲಿಗೇ ಮಡಿಚಿಡಬೇಡಿ, ಕಾರಣ ಹೇಳುತ್ತೇನೆ.

ನೀವು ಬರೆದ ಮೊದಲ ಹೆಸರೇ ಒಂದು ವಸ್ತುಸಂಗ್ರಹಾಲಯದ್ದು. ಅದಕ್ಕೆ ಒಂದೂವರೆ ಗಂಟೆ ಕೊಟ್ಟಿದ್ದೀರಿ. ಉದಾಹರಣೆಗೆ ಪ್ಯಾರಿಸಿನ ಪ್ರಸಿದ್ಧ ವಸ್ತುಸಂಗ್ರಹಾಲಯ ಲೂವ್ರ್‌ನಲ್ಲಿ ಸುಮಾರು 35,000 ಕಲಾಕೃತಿಗಳು ಪ್ರದರ್ಶನದಲ್ಲಿವೆ. ಒಂದೊಂದರ ಮುಂದೆ ಹತ್ತೇ ಸೆಕೆಂಡು ನಿಂತರೂ ನಾಲ್ಕು ಹಗಲು ನಾಲ್ಕು ರಾತ್ರಿ ಕಣ್ಣು ಮುಚ್ಚದೆ ನಡೆಯಬೇಕಾಗುತ್ತದೆ. ಅಂದಮೇಲೆ ‘ಎಲ್ಲವನ್ನೂ ನೋಡಿ ಮುಗಿಸುವುದು’ ದೊಡ್ಡವರಿಗೇ ಆಗದ ಕೆಲಸ. ಮಕ್ಕಳಿಗಾದರೆ ಒಂದು ಆನೆಯಷ್ಟು ದೊಡ್ಡ ಮೂಳೆಗೂಡು ಸಾಕು, ಒಂದು ಹಳೆಯ ರೈಲು ಇಂಜಿನ್ ಸಾಕು. ಅದನ್ನು ನೋಡಿ ಹೊರಗೆ ಬಂದುಬಿಡಿ. ಟಿಕೆಟ್ಟಿನ ದುಡ್ಡು ದಂಡವಾಯಿತೆಂದು ಉಳಿದ ಕೋಣೆಗಳಲ್ಲೆಲ್ಲ ಎಳೆದುಕೊಂಡು ಅಲೆದರೆ ದುಡ್ಡು ವಾಪಸಾಗುವುದಿಲ್ಲ, ಅಳು ಮಾತ್ರ ಜೊತೆಗೆ ಬರುತ್ತದೆ.

ಇನ್ನೊಂದು ಲೆಕ್ಕ ಎತ್ತರದ್ದು. ನಿಮ್ಮ ಮಗಳು ಈಗ ಒಂದು ಮೀಟರ್‌ಗಿಂತ ತುಸು ಎತ್ತರವಿರಬಹುದು. ಹೊರಡುವ ಮುಂಚೆ ಒಮ್ಮೆ ನಿಮ್ಮೂರಿನ ಜನಜಂಗುಳಿಯಲ್ಲೇ ಅವಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಸುತ್ತ ನೋಡಿ. ಮೊಣಕಾಲು, ಕೈಚೀಲ, ಅಪರಿಚಿತರ ಬೆನ್ನು. ಮೋನಾಲಿಸಾ ಚಿತ್ರದ ಎತ್ತರವೇ 77 ಸೆಂಟಿಮೀಟರ್. ಗುಂಪಿನ ಹಿಂದೆ ನಿಂತ ಮಗುವಿಗೆ ಅದರ ಚೌಕಟ್ಟೂ ಕಾಣುವುದಿಲ್ಲ. ನಾವು ಗೋಪುರದ ತುದಿ ತೋರಿಸುತ್ತಿರುವಾಗ ಅವರು ಪಾರಿವಾಳದ ಕಾಲು ನೋಡುತ್ತಿರುತ್ತಾರೆ. ಅದು ಅಸಡ್ಡೆಯಲ್ಲ. ಅವರ ಕಣ್ಣಿನ ಮಟ್ಟದಲ್ಲಿ ಇರುವುದೇ ಅದು.

ಇದನ್ನೆಲ್ಲ ಪುಸ್ತಕ ಓದಿ ಕಲಿತೆನೆಂದು ತಿಳಿಯಬೇಡಿ. ನನ್ನ ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ನಾನೂ ಇಂಥದ್ದೇ ಪಟ್ಟಿ ಹಿಡಿದು ಹೊರಟಿದ್ದೆ. ಮೊದಲ ದಿನ ಬೆಳಿಗ್ಗೆ ಒಂದು ದೊಡ್ಡ ಕಟ್ಟಡದ ಶೌಚಾಲಯದಲ್ಲಿ, ಕೈ ಒಣಗಿಸುವ ಯಂತ್ರ ಅವಳ ಕಿವಿಯ ಪಕ್ಕದಲ್ಲೇ ಭೋರೆಂದಿತು. ಆ ಯಂತ್ರ ನಮ್ಮ ಸೊಂಟದ ಮಟ್ಟದಲ್ಲಿರುತ್ತದೆ, ಮಕ್ಕಳ ಮುಖದ ಮಟ್ಟದಲ್ಲಿ. ಅಲ್ಲಿಂದ ಮುಂದೆ ಮೂರು ದಿನ ಅವಳು ಯಾವ ಸಾರ್ವಜನಿಕ ಶೌಚಾಲಯದ ಹೊಸ್ತಿಲನ್ನೂ ದಾಟಲಿಲ್ಲ. ನಾವು ಅರಮನೆ, ಗೋಪುರ, ಸೇತುವೆಗಳನ್ನೆಲ್ಲ ಬಿಟ್ಟು ಗಂಟೆಗೊಮ್ಮೆ ಹೋಟೆಲಿನ ಕೋಣೆಗೆ ಓಡಿದೆವು. ಈಗ ಯಾರಾದರೂ ಕೇಳಿದರೆ ಒಂದೇ ಉಪಾಯ ಹೇಳುತ್ತೇನೆ: ಚೀಲದಲ್ಲಿ ಅಂಟುಚೀಟಿಗಳ ಒಂದು ಸಣ್ಣ ಕಟ್ಟು ಇರಲಿ. ತಾನಾಗಿಯೇ ನೀರು ಬಿಡುವ ಕಮೋಡ್‌ಗಳ ಹಿಂದೆ ಒಂದು ಸಣ್ಣ ಕಣ್ಣು ಇರುತ್ತದೆ. ಮಗು ಕುಳಿತಿರುವಷ್ಟು ಹೊತ್ತು ಅದರ ಮೇಲೆ ಚೀಟಿ ಅಂಟಿಸಿ, ನೀರು ಥಟ್ಟನೆ ಭೋರ್ಗರೆಯುವುದಿಲ್ಲ. ಕೈ ಒರೆಸಲು ಕರವಸ್ತ್ರ ಸಾಕು.

ನಿದ್ದೆಯ ವಿಷಯದಲ್ಲಿ ಚೌಕಾಶಿ ಬೇಡ. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ, ಒಂದರಿಂದ ಎರಡು ವರ್ಷದವರಿಗೆ 11ರಿಂದ 14 ಗಂಟೆ ನಿದ್ದೆ ಬೇಕೆಂಬುದು ವೈದ್ಯರ ಅಂದಾಜು. ಹಗಲಿನ ನಿದ್ದೆಯೂ ಅದರಲ್ಲೇ ಸೇರಿದೆ. ನಿಮ್ಮ ಪಟ್ಟಿಯಲ್ಲಿ ಮಧ್ಯಾಹ್ನ ಒಂದರಿಂದ ಐದರವರೆಗೆ ಮೂರು ಜಾಗಗಳಿವೆ. ಆ ಹೊತ್ತನ್ನು ಖಾಲಿ ಬಿಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಸರತಿಯೂ ಚಿಕ್ಕದು, ಮಕ್ಕಳ ಮನಸ್ಸೂ ಹಸನಾಗಿರುತ್ತದೆ. ಮಧ್ಯಾಹ್ನ ಕೋಣೆಗೆ ಮರಳಿ ಮಲಗಿಸಿ, ಸಂಜೆ ಒಂದು ಉದ್ಯಾನ. ಅದಕ್ಕೇ ವಸತಿ ನಡುಊರಿನಲ್ಲಿರಲಿ ಎನ್ನುವುದು. ಊರಾಚೆಯ ದೊಡ್ಡ ಕೋಣೆ ಅಗ್ಗವಾಗಿ ಕಾಣುತ್ತದೆ, ಆದರೆ ನಡುವೆ ಒಂದು ಸಲ ಹಿಂದಿರುಗುವುದು ಅಲ್ಲಿಂದ ಸಾಧ್ಯವೇ ಇಲ್ಲ. ಬಾಲ್ಕನಿಯೋ ಒಂದು ಮರೆಯೋ ಇರುವ ಕೋಣೆ ಸಿಕ್ಕರೆ ಪುಣ್ಯ. ಇಲ್ಲವಾದರೆ ರಾತ್ರಿ ಎಂಟಕ್ಕೆ ಮಕ್ಕಳನ್ನು ಮಲಗಿಸಿ, ದೀಪ ಆರಿಸಿ, ಗಂಡ ಹೆಂಡತಿ ಸ್ನಾನದ ಮನೆಯಲ್ಲಿ ಕುಳಿತು ಪಿಸುಗುಡಬೇಕಾಗುತ್ತದೆ. ನಾವು ಹಾಗೆ ಕುಳಿತವರೇ.

ತಳ್ಳುಗಾಡಿ ಬೇಕೇ ಎಂದು ಪತ್ರದ ಅಂಚಿನಲ್ಲಿ ಕೇಳಿದ್ದೀರಿ. ಬೇಕು. ಮಗಳು ನಡೆಯುತ್ತಾಳೆಂಬ ಧೈರ್ಯವೂ ಬೇಡ. ಸಂಜೆಯ ಹೊತ್ತಿಗೆ ಅದರಲ್ಲಿ ಯಾರು ಕೂರಬೇಕೆಂಬ ಜಗಳ ನಡೆಯುವುದು ಖಂಡಿತ. ಆದರೆ ಒಂದೇ ಕೈಯಲ್ಲಿ ಮಡಿಚಿ ಹೆಗಲಿಗೇರಿಸಬಹುದಾದ ಹಗುರ ಗಾಡಿಯನ್ನೇ ಆರಿಸಿ. ಹಳೆಯ ನಗರಗಳ ಭೂಗತ ರೈಲುಗಳನ್ನು ಕಟ್ಟಿದವರು ಮಕ್ಕಳ ಗಾಡಿಯನ್ನು ನೆನೆದು ಕಟ್ಟಲಿಲ್ಲ. ಲಂಡನ್ನಿನದು 1863ರದು, ಪ್ಯಾರಿಸಿನದು 1900ರದು. ಎರಡರಲ್ಲೂ ಇಂದಿಗೂ ಎಷ್ಟೋ ನಿಲ್ದಾಣಗಳಲ್ಲಿ ರೈಲಿನವರೆಗೆ ಇಳಿಯಲು ಮೆಟ್ಟಿಲೇ ಗತಿ. ಹೊರಡುವ ಮುಂಚೆ ನೀವು ಹೋಗುವ ನಗರದ ನಕ್ಷೆಯಲ್ಲಿ ಲಿಫ್ಟ್ ಇರುವ ನಿಲ್ದಾಣಗಳನ್ನು ಗುರುತು ಮಾಡಿಕೊಳ್ಳಿ. ಬಸ್ಸಿನ ಮೊದಲ ಸಾಲು, ದೋಣಿ, ಟ್ರಾಮ್ ಇವೆಲ್ಲ ಮಕ್ಕಳಿಗೆ ದಾರಿಯಲ್ಲ, ಅವೇ ಊರು. ಒಂದು ಸಂಜೆಯನ್ನು ಬರೀ ಬಸ್ಸಿಗೆ ಕೊಟ್ಟರೂ ನಷ್ಟವಿಲ್ಲ. ಹೊಟ್ಟೆ ತೊಳಸುವ ಮಗುವಾದರೆ ಮೊಬೈಲ್ ಕೊಡಬೇಡಿ, ಮುಂದಿನ ಗಾಜಿನಾಚೆ ದೂರಕ್ಕೆ ನೋಡಿಸಿ.

ಮಕ್ಕಳು ಜನರ ನಡುವೆ ತಪ್ಪಿಸಿಕೊಳ್ಳುವ ಭಯ ನಿಮಗೂ ಇದೆ ಎಂದು ಬರೆದಿದ್ದೀರಿ. ಪ್ರತಿದಿನ ಬೆಳಿಗ್ಗೆ ಕೋಣೆ ಬಿಡುವ ಮುಂಚೆ ಇಬ್ಬರದೂ ಒಂದೊಂದು ಫೋಟೊ ತೆಗೆದುಕೊಳ್ಳಿ. ಗಾಬರಿಯಲ್ಲಿ ಅಂಗಿಯ ಬಣ್ಣ ಯಾರಿಗೂ ನೆನಪಾಗುವುದಿಲ್ಲ. ಮೊಣಕೈಯ ಒಳಬದಿಗೆ ಪೆನ್ನಿನಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ. ಮಗಳಿಗೆ ಎರಡೇ ಮಾತು ಕಲಿಸಿ: ಕಾಣದಿದ್ದರೆ ನಿಂತಲ್ಲೇ ನಿಲ್ಲು, ಸಹಾಯ ಬೇಕಾದರೆ ಮಕ್ಕಳಿರುವ ಅಮ್ಮನನ್ನು ಕೇಳು. ಪೊಲೀಸರನ್ನು ಹುಡುಕು ಎಂದರೆ ಪುಟ್ಟ ಮಗುವಿಗೆ ಕಾವಲುಗಾರನೂ ಪೊಲೀಸನೂ ಒಂದೇ.

ಇನ್ನು ಅತ್ತೆಯವರ ಪ್ರಶ್ನೆ. ಮಗನ ಮಟ್ಟಿಗೆ ಅವರ ಮಾತು ಸರಿ. ಹೆಚ್ಚಿನವರ ಮೊದಲ ನೆನಪು ಮೂರು, ಮೂರೂವರೆ ವರ್ಷದ ಆಸುಪಾಸಿನದು. ಎರಡು ವರ್ಷದ ಕೂಸಿಗೆ ಈ ನಗರ ಉಳಿಯುವುದಿಲ್ಲ. ಮಗಳಿಗೆ ಚೂರುಪಾರು ಉಳಿಯಬಹುದು. ತಂದೆತಾಯಿ ಆದದ್ದನ್ನು ಮತ್ತೆ ಮತ್ತೆ ವಿವರವಾಗಿ ಮಾತನಾಡಿಸುವ ಮನೆಗಳಲ್ಲಿ ಮಕ್ಕಳ ನೆನಪು ಹೆಚ್ಚು ಗಟ್ಟಿ ಎಂಬುದು ಮನಶ್ಶಾಸ್ತ್ರಜ್ಞರು ಕಂಡುಕೊಂಡದ್ದು. ರಾತ್ರಿ ಮಲಗುವಾಗ “ಚೆನ್ನಾಗಿತ್ತಾ?” ಎನ್ನಬೇಡಿ, ‘ಹೂಂ’ ಎಂದು ಮಗ್ಗುಲು ಬದಲಿಸುತ್ತಾಳೆ. “ಆ ದೋಣಿಯವರ ಟೋಪಿ ಏನಾಯಿತು?” ಎಂದು ಕೇಳಿ. ಅಷ್ಟಕ್ಕೂ ನೆನಪೇ ಎಲ್ಲದರ ಅಳತೆಯಾದರೆ ಎರಡು ವರ್ಷದ ಮಗುವಿಗೆ ನಾವು ಹಾಡು ಹೇಳುವುದೂ ದಂಡವೇ.

ಒಂದು ಕೊಂಕು ಕೇಳುತ್ತೇನೆ, ಬೇಸರಿಸಬೇಡಿ. ‘ಈಗ ಬೇಡ’ ಎನ್ನುವ ಅತ್ತೆಯವರನ್ನು ಯಾರಾದರೂ ಕರೆದಿದ್ದೀರಾ? ಇಬ್ಬರು ಮಕ್ಕಳಿಗೆ ಮೂವರು ದೊಡ್ಡವರಿದ್ದರೆ ಒಬ್ಬರು ಮಲಗಿದ ಮಗುವಿನ ಹತ್ತಿರ ಕೂರಬಹುದು. ಆಗ ನಾನು ಹೊಡೆದುಹಾಕಿದ ಹದಿಮೂರರಲ್ಲಿ ಒಂದೆರಡಕ್ಕೆ ಗಂಡ ಹೆಂಡತಿ ಇಬ್ಬರೇ ಹೋಗಿಬರಬಹುದು. ಹಾಗೆಂದು ಅವರನ್ನು ನಾಲ್ಕೂ ದಿನ ಕಾವಲಿಗೆ ಕೂರಿಸಬೇಡಿ. ಅವರೂ ಊರು ನೋಡಲು ಬಂದವರೇ.

ತಿದ್ದಿದ ಪಟ್ಟಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಅದರಲ್ಲಿ ನಾನು ಉಳಿಸಿಕೊಂಡ ನಾಲ್ಕರಲ್ಲಿ ಇನ್ನೂ ಒಂದನ್ನು ಬಿಡಬೇಕಾಗಿ ಬಂದರೆ ಬಿಡಿ, ಆದರೆ ನಿಮ್ಮ 9ನೆಯದನ್ನು, ನೆಲದಿಂದ ಕಾರಂಜಿ ಚಿಮ್ಮುವ ಆ ಮೈದಾನವನ್ನು ಬಿಡಬೇಡಿ. ಬದಲಿಸಲು ಮಕ್ಕಳಿಗೆ ಎರಡೆರಡು ಜೊತೆ ಬಟ್ಟೆ ಒಯ್ಯಿರಿ. ಒಂದು ಜೊತೆ ನಿಮಗೂ ಇರಲಿ.

— ಸಂಪಾದಕ