ಎಡೆ ಇಡೋದಾ, ಬೇಡ್ವಾ?

ಪಿತೃಪಕ್ಷಕ್ಕೆ ಇನ್ನೂ ಒಂದು ತಿಂಗಳಿತ್ತು. ಶಿಡ್ಲಘಟ್ಟ ಕಡೆಯ ಹಳ್ಳಿಯವರೊಬ್ಬರು ಚಿಕ್ಕಬಳ್ಳಾಪುರದ ನನ್ನ ಆಪ್ತಸಮಾಲೋಚನೆ ಕೊಠಡಿಗೆ ಬಂದರು. ವಯಸ್ಸು 36. ಹಾಲಿನ ಸೊಸೈಟಿಯಲ್ಲಿ ಕೆಲಸ, ಮನೆಯಲ್ಲಿ ರೇಷ್ಮೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ. ಕೂತ ತಕ್ಷಣ ಅವರು ಕೇಳಿದರು: "ಮೇಡಂ, ದೇವರು ಇದಾನೋ ಇಲ್ವೋ ಗೊತ್ತಿಲ್ಲ ಅನ್ನೋನು ಯಾವುದನ್ನು ನಂಬ್ಕೊಂಡು ಬದುಕಬೇಕು?"

ಇದರ ಹಿಂದೆ ಒಂದು ಬಾಳೆಲೆ ಇತ್ತು. ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮೊದಲ ವರ್ಷ ಎಡೆ ಇಡುವ ದಿನ ಹಿರಿಮಗನಾದ ಇವರು "ನಂಬಿಕೆ ಇಲ್ಲದೆ ಇಟ್ಟರೆ ಅದು ಸುಳ್ಳು" ಅಂತ ಎದ್ದು ಹೋಗಿದ್ದರು. ಅಮ್ಮ ಆ ದಿನ ಊಟ ಮಾಡಲಿಲ್ಲ. ಏಳು ವರ್ಷದ ಮಗಳು ಕೇಳಿದ್ದಳು, "ತಾತ ಬಂದು ಊಟ ಮಾಡ್ತಾರಾ ಅಪ್ಪಾ?" ಇವರಿಗೆ ಹೌದು ಅನ್ನೋಕಾಗಲಿಲ್ಲ, ಇಲ್ಲ ಅನ್ನೋಕೂ ಆಗಲಿಲ್ಲ. ಅಂದಿನಿಂದ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು.

ಇಂಥ ಪ್ರಶ್ನೆ ಹೊತ್ತು ಬಂದವರ ಹತ್ತಿರ ನಾನು ಮೊದಲೇ ತತ್ವ ಮಾತಾಡುವುದಿಲ್ಲ. ನಿದ್ದೆ, ಊಟ, ಕೆಲಸದ ಮೇಲಿನ ಆಸಕ್ತಿ ವಿಚಾರಿಸುತ್ತೇನೆ. ಸಾಯಬೇಕು ಅನ್ನಿಸುತ್ತಾ ಅಂತಲೂ ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ಕಲ್ಪನೆ. ಇವರಿಗೆ ಹಾಗೆ ಅನ್ನಿಸಿರಲಿಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ರಾತ್ರಿ ಎರಡು ಗಂಟೆಗೆ ನಾನು ಸಿಗುವುದಿಲ್ಲ, ಆ ನಂಬರಿನಲ್ಲಿ ಯಾರಾದರೂ ಸಿಗುತ್ತಾರೆ.

ಮಾತಾಡುತ್ತಾ ಅವರ ಇನ್ನೊಂದು ನೋವು ಗೊತ್ತಾಯಿತು. ಊರಲ್ಲಿ ಕೆಲವರು ಇದನ್ನು "ಓದಿ ಕೆಟ್ಟ ಬುದ್ಧಿ" ಅಂದಿದ್ದರು. ಗೆಳೆಯರು "ನಾಸ್ತಿಕ ಅಂತ ಹೇಳ್ಕೊಳ್ಳೋ ಧೈರ್ಯ ಇಲ್ಲ ನಿಂಗೆ" ಅಂದಿದ್ದರು. "ಎಚ್. ನರಸಿಂಹಯ್ಯನವರು ನಮ್ಮ ಗೌರಿಬಿದನೂರು ಕಡೆಯವರೇ ಅಲ್ವಾ? ಅವರ ಥರ ಗಟ್ಟಿ ನಿಲ್ಲೋಕೆ ನಂಗ್ಯಾಕೆ ಆಗಲ್ಲ?" ಅಂತ ಕೇಳಿದರು.

ನಾನು ಅವರ ಕೆಲಸದಿಂದಲೇ ಶುರು ಮಾಡಿದೆ. "ನಿಮ್ಮ ಮೆಷಿನ್ ಹಾಲಿನಲ್ಲಿ ಏನು ಅಳೆಯುತ್ತೆ?" "ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ)." "ಹಸು ಸಾಕಿದವಳ ಕಷ್ಟ?" ಸುಮ್ಮನಾದರು. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಸಮಿತಿ ಮಾಡಿದ್ದು ಪವಾಡ, ಮೂಢನಂಬಿಕೆಗಳನ್ನು ಪರೀಕ್ಷೆ ಮಾಡೋಕೆ. ಗಾಳಿಯಿಂದ ವಿಭೂತಿ ಬಂತು ಅಂದರೆ ಪರೀಕ್ಷೆ ಮಾಡಬಹುದು, ಮಾಡಲೇಬೇಕು. ಸತ್ತ ಮೇಲೆ ಏನು ಅನ್ನುವುದಕ್ಕೆ ಮೆಷಿನ್ ಇಲ್ಲ. ಅಲ್ಲಿ "ಗೊತ್ತಿಲ್ಲ" ಅನ್ನುವುದು ಪುಕ್ಕಲುತನ ಅಲ್ಲ, ಸರಿಯಾದ ರೀಡಿಂಗ್. ಹೀಗೆ "ಗೊತ್ತಿಲ್ಲ" ಅನ್ನುವವರನ್ನು ನಾವು ಕನ್ನಡದಲ್ಲಿ ಅಜ್ಞೇಯತಾವಾದಿ ಅಂತ ಕರೆಯುತ್ತೇವೆ. ಇಂಗ್ಲಿಷಿನಲ್ಲಿ ಅವರಿಗೆ "ಅಗ್ನಾಸ್ಟಿಕ್" ಅಂತ ಹೆಸರು ಕೊಟ್ಟದ್ದು ಜೀವವಿಜ್ಞಾನಿ ಹಕ್ಸ್‌ಲಿ, 1869ರಲ್ಲಿ. ಆದರೆ ಆ ಗುಣ ಹಳೆಯದು. ಋಗ್ವೇದದ ಹತ್ತನೇ ಮಂಡಲದ ನಾಸದೀಯ ಸೂಕ್ತ ಸೃಷ್ಟಿ ಹೇಗಾಯಿತು ಅಂತ ಕೇಳುತ್ತಾ ಹೋಗಿ, ಮೇಲೆ ನೋಡುತ್ತಿರುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದಿರಬಹುದು ಅಂತ ಮುಗಿಯುತ್ತದೆ. ಇದನ್ನು ಕೇಳಿ ಅವರು ಮೊದಲ ಸಲ ಕುರ್ಚಿಗೆ ಒರಗಿ ಕೂತರು.

ಆಮೇಲೆ ಒಂದು ಕೆಲಸ ಕೊಟ್ಟೆ. ದಿನಾ ರಾತ್ರಿ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಬೇಕು. ಇವತ್ತು ಹಿಂದೆಮುಂದೆ ನೋಡದೆ ಏನು ಮಾಡಿದೆ? ಏನು ಮಾಡಿದ ಮೇಲೆ ಮನಸ್ಸು ಚುಚ್ಚಿತು? ದೇವರ ವಿಷಯ ಬರೆಯಬಾರದು.

ಎರಡು ವಾರದ ನಂತರ ನೋಟ್‌ಬುಕ್ ತಂದರು. ಒಂದು ಕಡೆ ಹೀಗಿತ್ತು: ಸಂಬಂಧಿಕರೊಬ್ಬರು ಹಾಲಿಗೆ ಫ್ಯಾಟ್ 3.2 ಬಂದದ್ದನ್ನು ಜಾಸ್ತಿ ಬರಿ ಅಂದರು, ಬರೀಲಿಲ್ಲ. ಯಾಕೆ ಅಂತ ಕೇಳಿದೆ. "ಹಿಂದೆ ಕ್ಯೂನಲ್ಲಿ ಒಂದು ಅಜ್ಜಿ ನಿಂತಿತ್ತು ಮೇಡಂ. ಒಂದೇ ಹಸು ಅದಕ್ಕೆ. ಅದರ ಮುಖ ಹೆಂಗೆ ನೋಡ್ಲಿ?" ದೇವರು ನೋಡ್ತಾನೆ ಅಂತಲೂ ಅಲ್ಲ, ನೋಡೋರು ಯಾರೂ ಇಲ್ಲ ಅಂತಲೂ ಅಲ್ಲ. "ನೀವು ಕೇಳಿದ ಆಧಾರ ಇದೇ ಅಲ್ವಾ?" ಅಂದೆ. ಬದುಕಿನ ತತ್ವವನ್ನು ಹೊಸದಾಗಿ ಕಟ್ಟಬೇಕು ಅಂತ ಅವರು ಹೊರಟಿದ್ದರು. ಅದರ ಅರ್ಧ ಆಗಲೇ ಅವರ ಕೈಯಲ್ಲಿ ಓಡಾಡುತ್ತಿತ್ತು. ಅದನ್ನು ನೋಡಿ ಹೆಸರಿಡುವುದಷ್ಟೇ ಬಾಕಿ ಇತ್ತು.

ಎಡೆಯ ಗಂಟು ಬಿಚ್ಚಿದ್ದು ಮಾತ್ರ ರೇಷ್ಮೆ ಹುಳ ಸಾಕುವ ಹುಳುಮನೆಯ ಕಥೆಯಿಂದ. ಅಪ್ಪ ಹುಳುಮನೆಗೆ ಕೈಕಾಲು ತೊಳೆಯದೆ ಯಾರನ್ನೂ ಬಿಡುತ್ತಿರಲಿಲ್ಲವಂತೆ. "ಹುಳ ದೇವರ ಸಮಾನ, ಮಡಿ ಬೇಕು" ಅನ್ನೋರು. ಮಗ ಅದೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾನೆ, ಕೈ ತೊಳೆಯುತ್ತಾನೆ, ಬ್ಲೀಚಿಂಗ್ ಪುಡಿ, ಸುಣ್ಣ ತಪ್ಪಿಸುವುದಿಲ್ಲ. ರೋಗ ಬರಬಾರದು ಅಂತ. ಇದನ್ನು ಹೇಳುತ್ತಾ ಹೇಳುತ್ತಾ ತಾವೇ ನಿಲ್ಲಿಸಿದರು. ಕೈ ತೊಳೆಯುವ ಹಾಗೆ ಅಂಗೈ ಉಜ್ಜಿಕೊಳ್ಳುತ್ತಿದ್ದರು. "ಇಬ್ಬರೂ ಹುಳ ಉಳೀಲಿ ಅಂತಾನೇ ಮಾಡಿದ್ದು" ಅಂದರು. ಕಣ್ಣು ತುಂಬಿತ್ತು. ಅಪ್ಪ ಸತ್ತ ಮೇಲೆ ಅವರು ಅತ್ತಿರಲೇ ಇಲ್ಲ. ಅವತ್ತು ನಾನು ಬೇರೇನೂ ಮಾತಾಡಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಹಬ್ಬದ ದಿನ ಬೆಳಿಗ್ಗೆ ಜಗಳ ಆಡಬೇಡಿ, ಒಂದು ವಾರ ಮೊದಲೇ ಅಮ್ಮನ ಹತ್ತಿರ ಕೂತು ಹೇಳಿ. ಯಾವುದು ಮನಸ್ಸಾರೆ ಮಾಡ್ತೀರಿ, ಯಾವುದು ಆಗಲ್ಲ ಅಂತ ಬಿಡಿಸಿ ಹೇಳಿ. ಅಮ್ಮನ ನಂಬಿಕೆ ತಿದ್ದೋಕೆ ಹೋಗಬೇಡಿ. ನಿಮ್ಮದನ್ನೂ ಮುಚ್ಚಿಡಬೇಡಿ. ಮಗಳಿಗೆ "ಗೊತ್ತಿಲ್ಲ" ಅಂತ ಹೇಳಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ತಾತನ ಬಗ್ಗೆ ನಿಮಗೆ ಗೊತ್ತಿರೋದನ್ನೆಲ್ಲ ಅವಳಿಗೆ ಹೇಳಿ.

ಅಮಾವಾಸ್ಯೆ ಕಳೆದ ಮೇಲೆ ಬಂದರು. ಅಪ್ಪನಿಗೆ ಇಷ್ಟವಾದ ಮುದ್ದೆ, ಹುರುಳಿಕಾಳು ಸಾರು ತಾವೇ ಮಾಡಿ ಎಲೆಗೆ ಬಡಿಸಿದ್ದರು. ಕರ್ಪೂರ ಹಚ್ಚಿದ್ದು ತಮ್ಮ. ಅಮ್ಮನಿಗೆ ಅದು ಪೂರ್ತಿ ಒಪ್ಪಿಗೆಯಾಗಿರಲಿಲ್ಲ, "ಹಿರಿಮಗ ಹಚ್ಚಬೇಕಿತ್ತು" ಅಂತ ಎರಡು ಸಲ ಅಂದರಂತೆ. ಆದರೆ ಊಟ ಮಾಡಿದರು. ಮಗಳು ಮತ್ತೆ ಅದೇ ಪ್ರಶ್ನೆ ಕೇಳಿದಳಂತೆ. "ಬರ್ತಾರೋ ಇಲ್ವೋ ನಂಗೊತ್ತಿಲ್ಲ ಪುಟ್ಟಿ. ಮುದ್ದೆ ಮಾತ್ರ ಅವರಿಗೆ ಹಿಂಗೇ ಬಿಸಿಯಾಗಿ ಇರ್ಬೇಕಿತ್ತು" ಅಂದರಂತೆ.

ಮುಂದಿನ ತಿಂಗಳ ಭೇಟಿಗೆ ಅವರು ಬರಲಿಲ್ಲ. ಫೋನ್ ಮಾಡಿದರು: "ಹುಳ ನಾಲ್ಕನೇ ಜ್ವರದಿಂದ ಎದ್ದಿವೆ ಮೇಡಂ, ಸೊಪ್ಪು ಹಾಕೋಕೆ ಕೈ ಸಾಲ್ತಿಲ್ಲ." ಜ್ವರ ಅಂದರೆ ಹುಳ ಪೊರೆ ಬಿಡುವ ಕಾಲ. ನಿದ್ದೆ ಹೇಗಿದೆ ಅಂತ ಕೇಳಿದೆ. "ಮಲಗೋಕೆ ಟೈಮ್ ಸಿಕ್ಕಿದ್ರೆ ಚೆನ್ನಾಗೇ ಬರುತ್ತೆ" ಅಂದರು.